ಒಣಗಿ ಬಿದ್ದ ಹೂವು

ನಮ್ಮ ಮನೆಯ ತಲೆಬಾಗಿಲ ಪಕ್ಕದ ಗೂಡಿನಲ್ಲಿ ಒಂದು ತೆಂಗಿನ ಚಿಪ್ಪು ಸದಾ ಇರುತ್ತಿತ್ತು. ಸೊಪ್ಪಿನಮ್ಮನ ಗುಡ್ಡಕ್ಕೆ ಹೊರಟವರು ಮೈಮೇಲಿನ ಕಬ್ಬಿಣವನ್ನೆಲ್ಲ ಬಿಚ್ಚಿ ಅದರೊಳಗೆ ಹಾಕಿ ಹೋಗಬೇಕು. ಅವ್ವನ ತಲೆಪಿನ್ನು, ಅಪ್ಪನ ಉಡಿದಾರಕ್ಕೆ ಕಟ್ಟಿದ್ದ ಬೀಗದ ಕೈ, ಅಜ್ಜನ ಎಲೆಚೀಲದ ಅಡಕತ್ತರಿ, ಎಲ್ಲ ಅಲ್ಲಿಗೆ. ನನ್ನ ಲಂಗದ ಲಾಡಿ ಯಾವಾಗಲೂ ಹರಿದೇ ಇರುತ್ತಿತ್ತು, ಅವ್ವ ಪಿನ್ನು ಚುಚ್ಚಿ ಬಿಗಿಯುತ್ತಿದ್ದಳು. ಆ ಪಿನ್ನೂ ಚಿಪ್ಪಿಗೆ ಹೋಗುತ್ತಿದ್ದುದರಿಂದ ಗುಡ್ಡ ಹತ್ತಿ ಇಳಿಯುವ ತನಕ ನಾನು ಒಂದು ಕೈಯಲ್ಲಿ ಲಂಗ ಹಿಡಿದುಕೊಂಡೇ ಇರಬೇಕಿತ್ತು. ಹಾಗಾದರೆ ಸೊಪ್ಪಿನಮ್ಮ ದೇವರಿಗೆ ಕೈ ಮುಗಿಯುವುದು ಹೇಗೆ ಎಂದು ಒಮ್ಮೆ ಅಜ್ಜಿಯನ್ನು ಕೇಳಿದೆ.

"ಲಂಗ ಹಲ್ಲಾಗೆ ಕಚ್ಕಂಡು ಎರಡೂ ಕೈ ಮುಗಿ. ಅಮ್ಮನೇನು ನಿನ್ನ ನೋಡಿ ನಗಲ್ಲ ಕಣೇ," ಎಂದಳು.

ಒಂದು ಪಿನ್ನನ್ನೂ ಒಳಗೆ ಬಿಡದ ಆ ಗುಡ್ಡವನ್ನು ಆಮೇಲೆ ಬುಲ್ಡೋಜರು ಅಗೆಯಿತು. ಅದೂ ಯಾತಕ್ಕೆ? ಕಬ್ಬಿಣಕ್ಕೆ. ಗುಡ್ಡದ ಹೊಟ್ಟೆಯಲ್ಲಿ ಅದಿರು ಇದೆ ಎಂದು ಯಾರೋ ಕಲ್ಲು ಒಡೆದು ನೋಡಿ ಹೇಳಿದ್ದರಂತೆ. ಆ ಕಾಡು ಹೋಗಿದ್ದು ಯಾವುದೋ ಕಚೇರಿಯ ಕಾಗದದಿಂದ, ಗಣಿ ಧಣಿಯ ದುಡ್ಡಿನಿಂದ ಎಂದು ಹಟ್ಟಿಯವರು ಈಗ ಹೇಳಿಕೊಂಡು ತಿರುಗುತ್ತಾರೆ. ಅರ್ಧ ಸುಳ್ಳು. ಕಾಗದ, ದುಡ್ಡು ಎಲ್ಲ ಆಮೇಲೆ ಬಂದವು. ಆ ಕಾಡು ಮೊದಲು ಹೋಗಿದ್ದು ನಮ್ಮ ಮನೆಯ ನಡುಮನೆಯಿಂದ, ಮುದ್ದೆ ಉಣ್ಣುತ್ತ ಕೂತ ಗಂಡಸರ ಬಾಯಿಂದ. ನನ್ನ ಕೋಪ ಇನ್ನೂ ಆರಿಲ್ಲ. ಆರಲಿ ಎಂಬ ಆಸೆಯೂ ನನಗಿಲ್ಲ.

ಹೊಸದುರ್ಗದಿಂದ ಹೊಳಲ್ಕೆರೆ ಕಡೆಗೆ ಹೋಗುವ ಬಸ್ಸಿನಲ್ಲಿ ಅರ್ಧ ದಾರಿಗೆ ಇಳಿದು ಒಳಗೆ ನಡೆದರೆ, ತೆಂಗಿನ ತೋಟಗಳು ಮುಗಿದು ಬೆದ್ದಲು ಹೊಲ ಶುರುವಾಗುವಲ್ಲಿ ನಮ್ಮ ಹಟ್ಟಿ. ಕುರಿ ಸಾಕುವ ಜನ ನಾವು. ಮಣ್ಣಿನ ಮಾಳಿಗೆಯ ಮನೆ, ಬೆಳಕಿಗೆಂದು ಮಾಳಿಗೆಯಲ್ಲಿ ಒಂದು ಕಿಂಡಿ. ನಡುಮನೆಯ ಮೂಲೆಯಲ್ಲಿ ಬಿದಿರಿನ ದೊಡ್ಡ ಮಂಕರಿ ಕವುಚಿ ಹಾಕಿರುತ್ತಿತ್ತು, ಅದರೊಳಗೆ ಎಳೆಯ ಕುರಿಮರಿಗಳು. ಅದರ ಪಕ್ಕದಲ್ಲೇ ನಾನು, ನನ್ನ ತಮ್ಮ ತಿಮ್ಮೇಶ ಕಂಬಳಿ ಹೊದ್ದು ಮಲಗುತ್ತಿದ್ದೆವು. ಮರಿಗಳ ಉಚ್ಚೆಯ ವಾಸನೆ ನಮ್ಮ ಬಟ್ಟೆಗೆ ಎಷ್ಟು ಹತ್ತಿತ್ತೆಂದರೆ ಶಾಲೆಯಲ್ಲಿ ನಮ್ಮ ಪಕ್ಕ ಕೂರಲು ಬೇರೆ ಮಕ್ಕಳು ಮೂಗು ಮುರಿಯುತ್ತಿದ್ದರು. ಅಪ್ಪ ಬೆಳಗ್ಗೆ ಕುರಿ ಹೊಡೆದುಕೊಂಡು ಗುಡ್ಡದ ಬುಡಕ್ಕೆ ಹೋದರೆ ಸಂಜೆಗೇ ಬರುವುದು. ಅವ್ವನದು ಮಾತು ಕಡಿಮೆ. ಮನೆಯ ಮಾತನ್ನೆಲ್ಲ ಅಜ್ಜಿ ಕರಿಯಮ್ಮ ಒಬ್ಬಳೇ ಆಡಿಬಿಡುತ್ತಿದ್ದಳು. ತಾಳ್ಯದ ಕಡೆಯಿಂದ ಬಂದ ಸೊಸೆ ಅವಳು. ಅವಳ ಬಾಯಿಗೆ ಹೆದರಿ ನಮ್ಮ ಬೀದಿಯಲ್ಲಿ ಜಗಳ ಆಡುವವರೂ ದನಿ ತಗ್ಗಿಸುತ್ತಿದ್ದರು. ಅಜ್ಜ ಈರಜ್ಜ ಸೊಪ್ಪಿನಮ್ಮನ ಪೂಜಾರಿ. ಪೂಜೆ ಅವನದು, ಪೂಜೆಯ ಕಟ್ಟಳೆಯೆಲ್ಲ ಅಜ್ಜಿಯದು.

ಸೊಪ್ಪಿನಮ್ಮನಿಗೆ ಗುಡಿ ಇರಲಿಲ್ಲ. ಗುಡ್ಡದ ನೆತ್ತಿಗಿಂತ ಸ್ವಲ್ಪ ಕೆಳಗೆ, ಒಂದು ದೊಡ್ಡ ಆಲದ ಕೆಳಗೆ, ಸೊಂಟದೆತ್ತರದ ಕರಿ ಕಲ್ಲು, ಬಡಗಲಿಗೆ ಮುಖ. ಸುತ್ತ ಇಪ್ಪೆ, ನೇರಳೆ, ಹೊನ್ನೆ, ಕೆಳಗೆ ಕಾರೆ ಮುಳ್ಳಿನ ಪೊದೆ. ಬೇಸಿಗೆಯಲ್ಲೂ ಆ ಕಲ್ಲಿನ ಮೇಲೆ ಬಿಸಿಲು ಬಿದ್ದಿದ್ದನ್ನು ಯಾರೂ ಕಂಡಿರಲಿಲ್ಲ. ಬುಡದಲ್ಲಿ ಒಂದು ಒರತೆ. ಅದರ ನೀರು ಕಲ್ಲುಬಾನಿಗೆ ಇಳಿದು, ಅಲ್ಲಿಂದ ಹರಿದು, ಕೆಳಗೆ ನಮ್ಮ ಕುರಿಗಳಿಗೆ ಕುಡಿಯಲು ಸಿಗುತ್ತಿತ್ತು. ಅಮ್ಮನಿಗೆ ತೆಂಗಿನಕಾಯಿ ಒಡೆಯುವಂತಿಲ್ಲ; ಕೈಯಲ್ಲಿ ಮುರಿದ ಒಂದು ಸೊಪ್ಪಿನ ಕುಡಿ ಇಟ್ಟರೆ ಪೂಜೆ ಆಯಿತು. ಹಣ್ಣಿಗೂ ಕಟ್ಟಳೆ ಇತ್ತು. ನಿಂತು ಕೈಗೆ ಎಟುಕಿದ್ದು ನಮ್ಮದು, ನೆಲಕ್ಕೆ ಬಿದ್ದಿದ್ದು ಕಾಡಿನವರದು. ಕಾಡಿನವರು ಎಂದರೆ ಕರಡಿ, ಜಿಂಕೆಯಂಥ ಕೊಂಡಕುರಿ, ನವಿಲು, ಮುಳ್ಳಂದಿ. ಇಪ್ಪೆ ಹೂವು ಉದುರುವ ಕಾಲಕ್ಕೆ ನೆಲವೆಲ್ಲ ಬೆಣ್ಣೆಯ ಉಂಡೆ ಚೆಲ್ಲಿದ ಹಾಗೆ ಕಾಣುತ್ತಿತ್ತು, ಸಿಹಿ ವಾಸನೆಗೆ ಬಾಯಲ್ಲಿ ನೀರು ಬರುತ್ತಿತ್ತು. ನಾನೊಮ್ಮೆ ಕದ್ದು ಒಂದು ಹೂ ಬಾಯಿಗೆ ಹಾಕಿಕೊಂಡಾಗ ಅಜ್ಜಿ ದವಡೆ ಹಿಡಿದು ಉಗುಳಿಸಿದ್ದಳು.

"ಕರಡಿ ಪಾಲು ಅದು. ನೀನು ಅವುನ ಪಾಲು ತಿಂದ್ರೆ ಅವನು ನಿನ್ನ ಪಾಲಿಗೆ ಬರ್ತಾನೆ. ಹಟ್ಟಿಗೆ ಬಂದು ಏನ್ ತಿಂತಾನೆ ಹೇಳು? ನಿನ್ನ ಮುದ್ದೇನಾ?"

ನನಗೆ ತಿಳಿದಂತೆ ಆ ಕಾಡು ಇರುವ ತನಕ ಕರಡಿ ಹಟ್ಟಿಗೆ ಬಂದಿರಲಿಲ್ಲ. ದೂರದಲ್ಲಿ ಕಂಡಿದ್ದೆವು. ಹುತ್ತದ ಮುಂದೆ ಕೂತು ಮಣ್ಣು ಊದುತ್ತಿದ್ದ ಅದರ ಸದ್ದಿಗೆ ಅಪ್ಪ ಕುರಿಗಳನ್ನು ಬೇರೆ ದಾರಿಯಲ್ಲಿ ತಿರುಗಿಸುತ್ತಿದ್ದ. ಹೆದರಿಕೆ ಇತ್ತು, ದ್ವೇಷ ಇರಲಿಲ್ಲ.

ಇನ್ನು ಹೂವಿನ ವಿಷಯ ಹೇಳಬೇಕು. ಮನೆಯಲ್ಲಾಗಲಿ ಹಟ್ಟಿಯಲ್ಲಾಗಲಿ ಏನಾದರೂ ಗಟ್ಟಿ ನಿರ್ಧಾರ ಆಗಬೇಕಾದರೆ ಅಮ್ಮನಿಗೆ ಹೂವು ಹಚ್ಚಿ ಕೇಳುತ್ತಿದ್ದರು. ಎರಡು ಬಿಳಿ ಕಣಗಿಲೆ ಹೂವನ್ನು ಒರತೆಯ ನೀರಿನಲ್ಲಿ ಅದ್ದಿ, ಅಮ್ಮನ ಬಲಗೆನ್ನೆಗೊಂದು ಎಡಗೆನ್ನೆಗೊಂದು ಅಂಟಿಸುವುದು. ಬಲಗಡೆಯದು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಅತ್ತೆಯ ಮದುವೆಗೆ ಕೇಳಿದ್ದರು, ಕುರಿ ಹಿಂಡು ಹಾಸನದ ಕಡೆ ಮೇಯಿಸಲು ಹೊಡೆಯುವ ಮುಂಚೆ ಪ್ರತಿ ವರ್ಷ ಕೇಳುತ್ತಿದ್ದರು. ಇದಕ್ಕೂ ಅಜ್ಜಿಯದೊಂದು ಕಟ್ಟಳೆ ಇತ್ತು, ಅವಳ ಅತ್ತೆ ಅವಳಿಗೆ ಹೇಳಿಕೊಟ್ಟಿದ್ದು.

"ಹೂವ ಹಸಿಯಾಗೇ ಬೀಳ್ಬೇಕು. ಒಣಗಿ ಬಿದ್ರೆ ಅದು ಅಮ್ಮ ಕೊಟ್ಟಿದ್ದಲ್ಲ, ಕಸ. ಗುಡಿಸಿ ಹಾಕಿ ಇನ್ನೊಂದಿನ ಬಂದು ಕೇಳ್ಬೇಕು."

ಗಣಿ ಧಣಿ ಮೊದಲ ಸಲ ನಮ್ಮ ಮನೆಗೆ ಬಂದಾಗ ನಾನು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಬಿಳಿ ಪಂಚೆ, ಬಿಳಿ ಅಂಗಿ, ಜೀಪು. ಅವನು ಗದರುವವನಲ್ಲ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಅಜ್ಜನ ಕಾಲು ಮುಟ್ಟಿ ನಮಸ್ಕರಿಸಿದ. ಕುರಿಹಾಲಿನ ಟೀ ಕುಡಿದು ಚೆನ್ನಾಗಿದೆ ಎಂದ. ಗುಡ್ಡ ಅಗೆಯಲು ಮೇಲಿನ ಕಾಗದ ಸಿಗುತ್ತದೆ, ಆದರೆ ನಿಮ್ಮ ದೇವರ ಜಾಗಕ್ಕೆ ನಿಮ್ಮ ಒಪ್ಪಿಗೆ ಇಲ್ಲದೆ ನಾನು ಕೈ ಹಾಕುವವನಲ್ಲ ಎಂದ. ಹಟ್ಟಿಯ ಮುಂದೆಯೇ ಅಮ್ಮನಿಗೆ ಸಿಮೆಂಟಿನ ಗುಡಿ ಕಟ್ಟಿಸಿ ಕೊಡುತ್ತೇನೆ, ಒಳಗೆಲ್ಲ ಟೈಲ್ಸು, ಮೇಲೆ ಗೋಪುರ ಎಂದ. ಅಜ್ಜನ ಮುಖವನ್ನು ನಾನು ನೋಡಿದೆ. ಅವನ ಮಂಡಿಗಳು ಆ ಹೊತ್ತಿಗಾಗಲೇ ಹೋಗಿದ್ದವು. ವಾರಕ್ಕೆರಡು ಸಲ ಗುಡ್ಡ ಹತ್ತಿ ಇಳಿದರೆ ಅವ್ವ ಹರಳೆಣ್ಣೆ ಕಾಯಿಸಿ ತಿಕ್ಕಬೇಕಿತ್ತು. ಹೊಸದುರ್ಗದ ಸಂತೆಗೆ ಹೋದಾಗ ಪೇಟೆಯ ಗುಡಿಯ ಪೂಜಾರಿಗಳನ್ನು ಎಲ್ಲರೂ ಬುದ್ಧಿ, ಸ್ವಾಮಿ ಎನ್ನುವುದನ್ನು ಅವನು ನಿಂತು ನೋಡುತ್ತಿದ್ದ. ಅವನನ್ನು ಮಾತ್ರ ಪೇಟೆಯವರು ಕುರಿ ಈರ ಎನ್ನುತ್ತಿದ್ದರು.

"ಗುಡಿ ಕಟ್ಟುಸ್ತಾರಂತೆ ಕಣೆ," ಎಂದ ಅಜ್ಜ, ಜೀಪು ಹೋದ ಮೇಲೆ.

"ಅವಳು ಕೇಳವ್ಳಾ?" ಎಂದಳು ಅಜ್ಜಿ.

"ಮಳೇಲಿ ನೆನೀತಾ ಕುಂತವ್ಳೆ ಪಾಪ."

"ನೆನೀದೆ ಇನ್ನೇನು? ಸೊಪ್ಪಿನಮ್ಮ ಅವಳು, ಬೀರುನಾಗೆ ಇಡೋ ಸೀರೆ ಅಲ್ಲ."

ಆ ವಾರವೆಲ್ಲ ಮನೆಯಲ್ಲಿ ಜಗಳ. ಅಜ್ಜಿ ರೊಟ್ಟಿ ಬಡಿಯುವ ಸದ್ದೇ ಬೇರೆಯಾಗಿತ್ತು. ಹಟ್ಟಿಯ ಯಜಮಾನರು ನಮ್ಮ ನಡುಮನೆಯಲ್ಲಿ ಸೇರಿ ಉಂಡರು, ಮಾತಾಡಿದರು. ಅವರೂ ಕೆಟ್ಟವರಲ್ಲ ಎಂದು ಹೇಳಬೇಕು, ಹೇಳುತ್ತೇನೆ, ಆದರೆ ಮನಸ್ಸಿಲ್ಲದೆ ಹೇಳುತ್ತೇನೆ. ಅಮ್ಮನ ಜಾಗವನ್ನು ನಾವಾಗಿ ಕೊಡುವುದೂ ಬೇಡ, ಇಲ್ಲ ಅನ್ನುವುದೂ ಬೇಡ, ಅವಳನ್ನೇ ಕೇಳೋಣ, ಹೂವು ಹಚ್ಚೋಣ ಎಂದು ತೀರ್ಮಾನ ಮಾಡಿದರು. ಎಷ್ಟು ಜಾಣರು! ತಾವು ಹೇಳಲಾರದ ಮಾತನ್ನು ಕಲ್ಲಿನ ಕೈಲಿ ಹೇಳಿಸಲು ಹೊರಟರು. ಮಗಳನ್ನು ಕೊಡುವಾಗ ಕೇಳುವ ಹಾಗೆ, ಕುರಿ ಹೊಡೆಯುವಾಗ ಕೇಳುವ ಹಾಗೆ, ನಿನ್ನ ಮನೆ ಅಗೆಯಲೇನಮ್ಮ ಎಂದು ಅವಳನ್ನೇ ಕೇಳುವುದು. ಈ ಪ್ರಶ್ನೆಯನ್ನು ಕೇಳಲೇಬಾರದು ಎಂದು ಅಷ್ಟು ಗಂಡಸರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಹೂವು ಹಚ್ಚುವ ಬೆಳಗ್ಗೆ ಇಡೀ ಹಟ್ಟಿ ಗುಡ್ಡ ಹತ್ತಿತು. ಗೂಡಿನ ಚಿಪ್ಪು ಅಂದು ತುಂಬಿ ತುಳುಕಿತ್ತು. ನಾನು ಲಂಗ ಹಿಡಿದುಕೊಂಡು ಅಜ್ಜಿಯ ಹಿಂದೆ ಹತ್ತಿದೆ. ಮೇಲೆ ಹೋಗಿ ನೋಡಿದರೆ ಆಲದ ಮೂಡಲ ಕಡೆಯ ಒಂದು ದೊಡ್ಡ ಕೊಂಬೆ ಇರಲಿಲ್ಲ. ಕೊಂಬೆ ಇದ್ದ ಕಡೆ ಬಿಳಿ ಗಾಯ, ಹಾಲು ಇನ್ನೂ ಸೋರುತ್ತಿತ್ತು. ಕತ್ತರಿಸಿದ ಜಾಗ ನುಣ್ಣಗೆ ಇತ್ತು, ಗರಗಸದ ಕೆಲಸ. ಅಜ್ಜಿ ಅಲ್ಲೇ ನಿಂತುಬಿಟ್ಟಳು.

"ಯಾವನ್ಲೇ ಇಲ್ಲಿಗೆ ಕಬ್ಬಿಣ ತಂದೋನು?"

ಧಣಿಯ ಕಡೆಯವನೊಬ್ಬ ಮೆತ್ತಗೆ ಹೇಳಿದ, "ಶಾಮಿಯಾನ ಹಾಕಾಕೆ ಅಡ್ಡ ಬರ್ತಿತ್ತು ಕಣಜ್ಜಿ. ನಿನ್ನೆ ಸಂಜೆ ನಮ್ಮ ಹುಡುಗ್ರು ತೆಗುದ್ರು. ಗೊತ್ತಿರ್ಲಿಲ್ಲ, ತಪ್ಪಾತು." ಶಾಮಿಯಾನ ಮಾತ್ರ ಎಲ್ಲೂ ಕಾಣಲಿಲ್ಲ.

ಯಜಮಾನರು ತಪ್ಪು ಕಾಣಿಕೆ ಹಾಕಿಸಿ ಮುಂದುವರಿಸೋಣ ಎಂದರು. ಅಜ್ಜ ಯಾರ ಮುಖವನ್ನೂ ನೋಡದೆ ಹೂವು ಅದ್ದಿ ಅಂಟಿಸಿದ. ಅಮ್ಮ, ನಿನಗೆ ಹೊಸ ಗುಡಿ ಒಪ್ಪಿಗೆಯಾದರೆ ಬಲಗಡೆ ಕೊಡು ಎಂದು ಕೇಳಿದ. ಎಲ್ಲರೂ ಕಾದರು. ಮೂಡಲಿನಿಂದ ಹೊತ್ತು ಏರಿತು. ಅಮ್ಮ ಬಡಗಲಿಗೆ ಮುಖ ಮಾಡಿದ್ದಳಲ್ಲ, ಅವಳ ಬಲಗೆನ್ನೆ ಮೂಡಲಿಗೆ. ಕೊಂಬೆ ಇದ್ದ ಜಾಗದಿಂದ ಬಿಸಿಲು ಒಳಗೆ ಇಳಿಯಿತು, ಇಳಿದು ನೇರ ಆ ಬಲಗೆನ್ನೆಯ ಮೇಲೆ ಕೂತಿತು. ಎಡಗೆನ್ನೆ ನೆರಳಿನಲ್ಲೇ ಇತ್ತು. ನನಗೆ ಏನೂ ಅರ್ಥವಾಗಿರಲಿಲ್ಲ, ಆದರೆ ಅಜ್ಜಿಗೆ ಆಗಿತ್ತು. ಅವಳು ಎದ್ದು ಹೋಗಿ ಸೆರಗು ಬಿಡಿಸಿ, ಎರಡು ಕೈಯಲ್ಲಿ ಹಿಡಿದು, ಅಮ್ಮನ ಬಲಕ್ಕೆ ಅಡ್ಡ ನಿಂತಳು.

"ಏಯ್ ಕರಿಯಮ್ಮ, ಈ ಕಡೀಗ್ ಬಾ!" ಎಂದು ಕೂಗಿದರು.

"ಬಿಸಿಲು ಬಿದ್ದೈತೆ ಕಣ್ರೋ. ಹೂವ ಒಣಗ್ತೈತೆ. ಕಣ್ ಕಾಣಲ್ವಾ ನಿಮಗೆ?"

"ಬಿಸಿಲೂ ಅಮ್ಮಂದೇ ಕಣಮ್ಮ. ಸರೀರಿ ಪಕ್ಕಕ್ಕೆ," ಎಂದ ಒಬ್ಬ ಯಜಮಾನ.

ಇಬ್ಬರು ಗಂಡಸರು ಅವಳ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು. ಅವಳ ಸೆರಗು ಒಬ್ಬನ ಕಾಲಡಿಗೆ ಸಿಕ್ಕಿ ಹರಿಯಿತು. ಅಪ್ಪ ಅಲ್ಲೇ ಇದ್ದ, ನೆಲ ನೋಡುತ್ತಿದ್ದ. ಅಜ್ಜ ಕಣ್ಣು ಮುಚ್ಚಿ ಏನನ್ನೋ ಹೇಳಿಕೊಳ್ಳುತ್ತಿದ್ದ. ಸ್ವಲ್ಪ ಹೊತ್ತಿಗೆ ಬಲಗಡೆಯ ಹೂವು ಅಂಚಿನಲ್ಲಿ ಸುರುಟಿ, ಕಲ್ಲಿನಿಂದ ಬಿಟ್ಟುಕೊಂಡು ಬಿತ್ತು. ಎಲ್ಲರೂ ಒಮ್ಮೆಗೇ ಅಮ್ಮಾ ಎಂದು ಕೂಗಿದರು. ನಾನು ಓಡಿ ಹೋಗಿ ಆ ಹೂವು ಎತ್ತಿಕೊಂಡೆ. ಕಂದು ಬಣ್ಣಕ್ಕೆ ತಿರುಗಿ, ಸುಟ್ಟ ಹಪ್ಪಳದ ಚೂರಿನಂತೆ ಗರಿಗರಿಯಾಗಿತ್ತು. ಕಲ್ಲು ಮುಟ್ಟಿದರೆ ಬೆಚ್ಚಗಿತ್ತು.

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಜ್ಜಿ ಅಜ್ಜನ ತಟ್ಟೆಗೆ ಮುದ್ದೆ ಹಾಕಿ, ಸಾರಿನ ಸೌಟು ಕೈಯಲ್ಲೇ ಹಿಡಿದು ನಿಂತಳು.

"ಅಷ್ಟು ದೊಡ್ಡ ಆಲ. ಎಲ್ಲಾ ಕಡೀಗೂ ಕೊಂಬೆ ಅವೆ. ಪೇಟೆಯಿಂದ ಬಂದ ಹುಡುಗ್ರಿಗೆ ಮೂಡ್ಲ ಕೊಂಬೇನೇ ತೆಗೀಬೇಕು ಅಂತ ಯಾರ್ ತೋರ್ಸಿದ್ರು?"

ಅಜ್ಜ ಮುದ್ದೆ ಮುರಿಯುತ್ತಿದ್ದವನು ನಿಲ್ಲಿಸಿದ. ತಲೆ ಎತ್ತಲಿಲ್ಲ.

"ನಿನ್ನೆ ಸಂಜೆ ನೀನು ಎಲ್ಲಿಗ್ ಹೋಗಿದ್ದೆ? ಮಂಡಿ ನೋವು ಅಂತ ಬೆಳಗ್ಗೆಯಿಂದ ಮಲಗಿದ್ದೋನು ಸಂಜೆ ಗುಡ್ಡ ಹತ್ತಿದ್ಯಂತೆ. ಕುರಿ ಕಾಯೋ ಹುಡುಗ ಒಬ್ಬ ಕಂಡವ್ನೆ."

ಅಜ್ಜಿ ಸಾರು ಬಡಿಸಲಿಲ್ಲ. ಸೌಟನ್ನು ಮಡಕೆಗೆ ಹಾಕಿ ಹೊರಗೆ ಹೋಗಿ ಕುರಿರೊಪ್ಪದ ಕಲ್ಲಿನ ಮೇಲೆ ಕೂತಳು. ಅವತ್ತಿನಿಂದ ಅಜ್ಜನಿಗೆ ಬಡಿಸುವ ಕೆಲಸ ಅವ್ವನ ಪಾಲಿಗೆ ಬಂತು. ಒಂದೇ ಮಾಳಿಗೆಯ ಕೆಳಗೆ ಇಬ್ಬರೂ ಇದ್ದರು, ಒಂದೇ ಮಾತಿಲ್ಲ. ಒಳಗೆ ಅಜ್ಜಿಯ ಮಾತು ನಿಂತ ಮೇಲೆ ಮನೆ ಹೆಣದ ಮನೆಯಾಯಿತು.

ಕೆಳಗೆ ಗುಡಿ ಏಳುತ್ತಿದ್ದಷ್ಟು ಕಾಲವೂ ಅಜ್ಜಿ ದಿನಾ ಬೆಳಗ್ಗೆ ಗುಡ್ಡ ಹತ್ತಿದಳು. ಒಮ್ಮೊಮ್ಮೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು. ಬಿಸಿಲು ಬರುವ ಮುಂಚೆ ಎರಡು ಹೂವು ಅದ್ದಿ ಹಚ್ಚಿ, ಹೋಗ್ತೀಯೇನಮ್ಮ ಎಂದು ಕೇಳುವಳು. ಹೂವು ಅಲ್ಲಾಡುತ್ತಿರಲಿಲ್ಲ. ಬಿಸಿಲು ಕೆನ್ನೆಗೆ ತಾಗುವ ಹೊತ್ತಿಗೆ ಅವಳೇ ಎರಡನ್ನೂ ತೆಗೆದು ಒರತೆಗೆ ಬಿಡುವಳು. ಇಳಿದು ಬರುತ್ತ ದಾರಿಯಲ್ಲಿ ಸಿಕ್ಕಿದ ಗಂಡಸರಿಗೆಲ್ಲ, "ಇವತ್ತೂ ಒಪ್ಲಿಲ್ಲ ಕಣ್ರಪ್ಪ ಅವಳು," ಎಂದು ಹೇಳುವಳು. ಅವರು ನಗುತ್ತಿದ್ದರು. ಮುದುಕಿಗೆ ತಲೆ ಕೆಟ್ಟಿದೆ ಎಂದು ಅವಳಿಗೆ ಕೇಳಿಸುವ ಹಾಗೆಯೇ ಹೇಳುತ್ತಿದ್ದರು. ಆ ನಗು ನನ್ನ ಕಿವಿಯಲ್ಲಿ ಇನ್ನೂ ಇದೆ. ಅವರಲ್ಲಿ ಇಬ್ಬರು ಈಗಲೂ ಬದುಕಿದ್ದಾರೆ, ಸಿಕ್ಕರೆ ನಾನು ಮಾತಾಡಿಸುವುದಿಲ್ಲ.

ಕೊನೆಗೆ ಅಮ್ಮನನ್ನು ಕಬ್ಬಿಣದ ಹಾರೆಯಲ್ಲಿ ಮೀಟಿ ಎಬ್ಬಿಸಿ, ಟ್ರ್ಯಾಕ್ಟರಿನ ಮೇಲೆ ಮಲಗಿಸಿ, ಬ್ಯಾಂಡ್‌ಸೆಟ್ಟಿನವರನ್ನು ಮುಂದೆ ಬಿಟ್ಟುಕೊಂಡು ಕೆಳಗೆ ತಂದರು. ಅಜ್ಜ ಹೊಸ ಜರಿ ಪೇಟ ಸುತ್ತಿಕೊಂಡು ಟ್ರ್ಯಾಕ್ಟರಿನಲ್ಲಿ ಕೂತಿದ್ದ. ಅಮ್ಮ ಇಳಿದ ಮೇಲೆ ಮರಗಳಿಗೆ ಯಾರ ಭಯ? ಆಲ, ಇಪ್ಪೆ, ನೇರಳೆ ಎಲ್ಲ ನೆಲಕ್ಕೆ ಬಂದವು. ಮರ ಬೀಳುವ ಸದ್ದಿಗೆ ನಮ್ಮ ನಡುಮನೆಯ ಮಂಕರಿಯೊಳಗಿನ ಮರಿಗಳು ಬೆಚ್ಚುತ್ತಿದ್ದವು. ಒಂದು ಬೆಳಗ್ಗೆ ಒಂದು ಕೊಂಡಕುರಿ ಓಡಿ ಬಂದು ನಮ್ಮ ರೊಪ್ಪಕ್ಕೇ ನುಗ್ಗಿತು, ನಮ್ಮ ಕುರಿಗಳ ನಡುವೆ ಕಾಲು ಮಡಿಸಿ ಬಿದ್ದುಕೊಂಡಿತು. ಅಪ್ಪ ಕಂಬಳಿ ಹೊದಿಸಿ ನೀರು ಇಟ್ಟ. ಮುಟ್ಟಲಿಲ್ಲ, ಮಧ್ಯಾಹ್ನಕ್ಕೆ ಸತ್ತಿತು. ಮೈಮೇಲೆ ಒಂದು ಗಾಯವೂ ಇರಲಿಲ್ಲ. ನವಿಲುಗಳು ಹೊಲಕ್ಕೆ ಇಳಿದು ಬಿತ್ತಿದ ಕಡಲೆಬೀಜವನ್ನೆಲ್ಲ ಕೆದಕಿ ತಿಂದವು, ಅವುಗಳಿಗೆ ವಿಷ ಹಾಕುವ ಜನ ನಮ್ಮಲ್ಲೇ ಹುಟ್ಟಿಕೊಂಡರು. ಕೆಂಪು ದೂಳು ಮಾಳಿಗೆಯ ಕಿಂಡಿಯಿಂದ ಇಳಿದು ಹಾಲಿನ ಮಡಕೆಯ ಮೇಲೆ ಕೆನೆಯ ಹಾಗೆ ಕೂರುತ್ತಿತ್ತು. ತಿಮ್ಮೇಶನಿಗೆ ಆ ವರ್ಷ ಹತ್ತಿದ ಕೆಮ್ಮು ಇನ್ನೂ ಹೋಗಿಲ್ಲ. ಮರ ಹೋದ ಮುಂದಿನ ಬೇಸಿಗೆಗೆ ಒರತೆ ಬತ್ತಿತು. ನೀರಿಲ್ಲದೆ, ಮೇವಿಲ್ಲದೆ ಅಪ್ಪ ಕುರಿಗಳನ್ನು ಮಾರಿದ. ಕವುಚಿದ ಮಂಕರಿಯನ್ನು ಮೇಲೆ ಮಾಡಿ ಅವ್ವ ಅದರಲ್ಲಿ ಹಳೆ ಬಟ್ಟೆ ತುಂಬಿಟ್ಟಳು. ಕೊಯ್ಲಿನ ಕಾಲಕ್ಕೆ ಭೀಮಸಮುದ್ರದ ಕಡೆ ಅಡಿಕೆ ಸುಲಿಯುವ ಕೂಲಿಗೆ ಅವಳು ಹೊರಟಳು. ಮನೆಯವರ ಹೊಟ್ಟೆಗೆಂದು ಅವಳೊಬ್ಬಳೇ ದುಡಿದಳು. ಧಣಿ ಕೊಡುತ್ತೇನೆ ಎಂದಿದ್ದ ಗಣಿ ಕೆಲಸ ಅಪ್ಪನಿಗೆ ಸಿಗಲೇ ಇಲ್ಲ, ಅದಕ್ಕೆ ಹೊರಗಿನಿಂದ ಜನ ಬಂದರು.

ಇನ್ನು ಕರಡಿ. ಹಟ್ಟಿಯ ಮುಂದಿನ ಟೈಲ್ಸಿನ ಗುಡಿಯಲ್ಲಿ ಅಜ್ಜ ಸಂಜೆ ದೀಪಕ್ಕೆ ಎಣ್ಣೆ ತುಂಬಿ ಬಾಗಿಲು ಹಾಕಿ ಬರುತ್ತಿದ್ದ. ಬೆಳಗ್ಗೆ ಹೋದರೆ ಎಣ್ಣೆ ಖಾಲಿ. ಯಾರೋ ಕದಿಯುತ್ತಾರೆ ಎಂದು ಹಟ್ಟಿಯ ಮೇಲೆಲ್ಲ ಅನುಮಾನ ಪಟ್ಟ. ಒಂದು ಬೆಳಗ್ಗೆ, ಆಗತಾನೆ ಬೆಳಕು ಹರಿದಿತ್ತು, ನಾನು ಅಂಗಳಕ್ಕೆ ಸಗಣಿ ನೀರು ಹಾಕುತ್ತಿದ್ದೆ. ಗುಡಿಯ ಕಡೆಯಿಂದ ಅಜ್ಜನ ಕೂಗು ಕೇಳಿಸಿತು. ಹಿಂದಿನ ಸರಳಿಲ್ಲದ ಕಿಟಕಿಯಿಂದ ಒಳಗೆ ಹೋಗಿದ್ದ ಕರಡಿ ದೀಪದ ಎಣ್ಣೆ ನೆಕ್ಕುತ್ತಿತ್ತು. ಅಜ್ಜ ಬಾಗಿಲು ತೆಗೆದು, ಹೊರಗೆ ಹೋಗುವ ದಾರಿಗೆ ಅಡ್ಡ ನಿಂತಿದ್ದ. ಅವನ ಎಡಗಣ್ಣು ಮತ್ತು ಅರ್ಧ ಕೆನ್ನೆಯನ್ನು ಅದು ಕಿತ್ತುಕೊಂಡು ಹೋಯಿತು. ಹಟ್ಟಿಯ ಗಂಡಸರು ಕೊಡಲಿ, ಹಾರೆ ಹಿಡಿದು ಬೆನ್ನಟ್ಟಿ ಬೆದ್ದಲು ಹೊಲದಲ್ಲಿ ಅದನ್ನು ಹೊಡೆದು ಕೊಂದರು. ಹೆಣ್ಣು ಕರಡಿ. ಮೈಯಲ್ಲಿ ಮಾಂಸವೇ ಇರಲಿಲ್ಲ, ಮೊಲೆಯಲ್ಲಿ ಹಾಲಿತ್ತು ಎಂದು ನೋಡಿದವರು ಹೇಳಿದರು. ಮರಿಗಳು ಏನಾದವೋ ಯಾರೂ ಹುಡುಕಲಿಲ್ಲ.

ಚಿತ್ರದುರ್ಗದ ಆಸ್ಪತ್ರೆಯಿಂದ ಅಜ್ಜ ಮುಖಕ್ಕೆ ಬಟ್ಟೆ ಸುತ್ತಿಸಿಕೊಂಡು ಮನೆಗೆ ಬಂದ ದಿನ ಅಜ್ಜಿಯೇ ಅಂಬಲಿ ಕಾಯಿಸಿದಳು. ಅಷ್ಟು ಕಾಲದ ನಂತರ ಅವನ ಮುಂದೆ ಕೂತು ಚಮಚದಲ್ಲಿ ಬಾಯಿಗೆ ಹಾಕಿದಳು. ಅವನ ಒಂದು ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಕೊಂಬೆ ನಾನೇ ತೋರ್ಸಿದ್ದು ಕಣೆ," ಎಂದ.

"ಗೊತ್ತು."

"ಅಮ್ಮ ಮನೆ ಹತ್ರ ಇರ್ಲಿ ಅಂತ... ಎಲ್ರಂಗೆ ಒಂದು ಗುಡಿ..."

"ಗೊತ್ತು ಕಣೋ. ಬಾಯಿ ತೆಗಿ, ಆರಿ ಹೋಗ್ತೈತೆ."

ಅವಳು ಕ್ಷಮಿಸಿದಳು ಎಂದು ಅವ್ವ ಹೇಳುತ್ತಿದ್ದಳು. ನಾನು ಒಪ್ಪುವುದಿಲ್ಲ. ಉಣ್ಣಿಸಿದಳು, ಅಷ್ಟೆ. ಸಾಯುವ ತನಕ ಅವಳು ಆ ಗುಡಿಯ ಮೆಟ್ಟಿಲು ಹತ್ತಲಿಲ್ಲ. ಅವಳ ಮುಂದೆ ಕೂತು ಬೆಳೆದ ನಾನೂ ಕ್ಷಮಿಸುವುದನ್ನು ಕಲಿಯಲಿಲ್ಲ. ಜನ ನನ್ನನ್ನು ಸಿಡುಕಿ ಎನ್ನುತ್ತಾರೆ, ಗಂಡನ ಮನೆಯಲ್ಲೂ ಅಂದರು, ನಾನು ಕೆಲಸ ಮಾಡುವ ಅಂಗನವಾಡಿಯಲ್ಲೂ ಅನ್ನುತ್ತಾರೆ. ಅನ್ನಲಿ. ನನ್ನ ಸಿಡುಕಿಗೆ ಒಂದು ಹೆಸರಿದೆ, ಒಂದು ಗುಡ್ಡ ಇದೆ.

ಕೊನೆಗೊಂದು ದಿನ ಗಣಿ ನಿಂತುಹೋಯಿತು. ಧಣಿ ಜೀಪು ತಿರುಗಿಸಿಕೊಂಡು ಹೋದ, ಗುಡ್ಡದ ಮುಂಭಾಗದಲ್ಲಿ ಕೆಂಪು ಗುಂಡಿ ಉಳಿಯಿತು. ಆದರೆ ಹಿಂಬದಿಯನ್ನು ಅಗೆದಿರಲಿಲ್ಲ. ಅಲ್ಲಿ ಇಷ್ಟು ವರ್ಷಗಳಲ್ಲಿ ಕಾಡು ತಾನಾಗಿ ಎದ್ದಿದೆ, ಕಾರೆ, ಸೀತಾಫಲ, ಎರಡು ಮೂರು ಇಪ್ಪೆಯ ಗಿಡ. ಕರಡಿಯ ಹೆಜ್ಜೆ ಮತ್ತೆ ಕಂಡಿದೆ ಎಂದು ಹೋದ ಇಪ್ಪೆ ಕಾಲದಲ್ಲಿ ತಿಮ್ಮೇಶ ಫೋನಿನಲ್ಲಿ ಹೇಳಿದಾಗ ನಾನು ಅತ್ತುಬಿಟ್ಟಿದ್ದೆ. ಅದೇ ತಿಮ್ಮೇಶ ಕಳೆದ ತಿಂಗಳು ಮತ್ತೆ ಫೋನು ಮಾಡಿದ. ಅವನೇ ಈಗ ಪೂಜಾರಿ.

"ಅಕ್ಕ, ಹಿಂಬದಿ ಗುಡ್ಡಕ್ಕೆ ಬೇರೆ ಧಣಿ ಬಂದವ್ನೆ. ಗುಡೀಗೆ ಗ್ರಾನೈಟ್ ಹಾಕುಸ್ತಾನಂತೆ. ಮಂಗಳವಾರ ಹೂವ ಹಚ್ಚಿ ಕೇಳಾಣ ಅಂತ ಮಾತಾಗೈತೆ. ನೀನೂ ಬಾ."

ನಾನು ಈಗಿರುವ ಹೊಸದುರ್ಗದಿಂದ ಮೊದಲ ಬಸ್ಸಿಗೇ ಹೋದೆ. ಬಸ್ಸಿನಲ್ಲಿ ಕೂತು ಸೆರಗಿನ ಪಿನ್ನು, ತಲೆಪಿನ್ನು ಎಲ್ಲ ತೆಗೆದು ಪರ್ಸಿಗೆ ಹಾಕಿಕೊಂಡೆ. ಅಜ್ಜಿ ಹತ್ತದ ಮೆಟ್ಟಿಲನ್ನು ನಾನೂ ಅಲ್ಲಿಯ ತನಕ ಹತ್ತಿರಲಿಲ್ಲ. ಅಂದು ಪರ್ಸನ್ನು ಕೆಳಗೇ ಇಟ್ಟು ಹತ್ತಿದೆ. ಅಷ್ಟು ಹೊತ್ತಿಗೆ ತಿಮ್ಮೇಶ ಹೂವು ಹಚ್ಚಿ ಆಗಿತ್ತು, ಗಂಡಸರು ಸಾಲಾಗಿ ಕೂತಿದ್ದರು. ಒಳಗೆ ತಣ್ಣಗೆ ಗಾಳಿ ಬೀಸುತ್ತಿತ್ತು. ತಲೆ ಎತ್ತಿ ನೋಡಿದೆ. ಗೋಡೆಗೆ ಹೊಸದೊಂದು ಫ್ಯಾನು. ಬೇರೆಲ್ಲೂ ಅಲ್ಲ, ಅಮ್ಮನ ಬಲಗಡೆಯ ಗೋಡೆಗೆ, ಅವಳ ಕೆನ್ನೆಗೆ ನೇರವಾಗಿ.

"ಇದು ಯಾವಾಗ ಬಂತು?"

"ಮೊನ್ನೆ ಅಕ್ಕ. ಧಣಿ ಕಡೇರು ಹಾಕ್ಸಿದ್ರು. ಸೆಕೆ ಅಲ್ವಾ."

ನನ್ನ ತಲೆಯೊಳಗೆ ಏನೋ ಸಿಡಿಯಿತು. ಇವನಿಗೂ ಗೊತ್ತೋ, ಗೊತ್ತಿಲ್ಲವೋ. ನನ್ನ ತಮ್ಮನ ಮುಖ ನೋಡಿದರೆ ತಿಳಿಯಲಿಲ್ಲ, ಅಜ್ಜನ ಮುಖವೂ ಹೀಗೇ ಇತ್ತು. ಹೋಗಿ ಸ್ವಿಚ್ಚು ಆರಿಸಿದೆ. ಗಂಡಸರು ಗದ್ದಲ ಮಾಡಿದರು.

"ಏನಮ್ಮ ಇದು, ಹೂವ ಹಚ್ಚೈತೆ, ಕುಂತ್ಕಳ್ರಿ ಸುಮ್ಮನೆ!"

"ಅಮ್ಮನ ಹತ್ರ ಕಬ್ಬಿಣ ಇರಂಗಿಲ್ಲ. ನಿಮ್ಮ ಅಪ್ಪಂದಿರು ಬೀಗದ ಕೈನೂ ಬಿಚ್ಚಿಟ್ಟು ಬರ್ತಿದ್ರು. ಫ್ಯಾನು ಕಬ್ಬಿಣದ್ದಲ್ವಾ?"

"ಹಂಗಾರೆ ಗುಡಿ ಕಂಬದಾಗೂ ಕಬ್ಬಿಣ ಐತೆ," ಎಂದ ಒಬ್ಬ, ನಗುತ್ತ.

"ಅದನ್ನೂ ಒಡೀರಿ. ಹಾರೆ ತಗಂಬರ್ಲಾ?"

ಅವನ ನಗು ನಿಂತಿತು. ಕಟ್ಟಳೆ ಕಟ್ಟಳೆಯೇ, ಯಾರೂ ಸ್ವಿಚ್ಚಿಗೆ ಕೈ ಹಾಕಲಿಲ್ಲ. ನಾನು ಬಾಗಿಲ ಬಳಿ, ಸ್ವಿಚ್ಚಿನ ಕೆಳಗೆ ಕೂತೆ. ಸೆಕೆಗೆ ಎಲ್ಲರ ಅಂಗಿ ಒದ್ದೆಯಾಯಿತು. ಹೂವು ಒದ್ದೆಯಾಗಿಯೇ ಇತ್ತು. ಬಲಗಡೆಯದೂ ಬೀಳಲಿಲ್ಲ, ಎಡಗಡೆಯದೂ ಬೀಳಲಿಲ್ಲ. ಮಧ್ಯಾಹ್ನದ ಊಟದ ಹೊತ್ತು ಮೀರಿದ ಮೇಲೆ ಒಬ್ಬೊಬ್ಬರೇ ಎದ್ದರು. ಇವತ್ತು ಅಮ್ಮ ಮುನಿಸಿಕೊಂಡಿದ್ದಾಳೆ, ಅಮಾವಾಸ್ಯೆಗೆ ಮತ್ತೆ ಕೇಳೋಣ ಎಂದು ಹೇಳಿ ಹೋದರು.

"ತಿಮ್ಮ, ಫ್ಯಾನು ಬಿಚ್ಚಿ ಕೊಡು," ಎಂದೆ.

"ಎಲ್ಲೀಗಕ್ಕ?"

"ನಮ್ಮ ಮನೀಗೆ."

ಅವನು ಬಿಚ್ಚಿ ಕೊಟ್ಟ. ಸಂಜೆಯ ಬಸ್ಸಿನಲ್ಲಿ ಅದನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಹೊಸದುರ್ಗಕ್ಕೆ ಬಂದೆ. ಕಂಡಕ್ಟರು ರಿಪೇರಿಗಾ ಎಂದು ಕೇಳಿದ, ಹೂಂ ಎಂದೆ. ಈಗ ಅದು ನನ್ನ ಮಂಚದ ಕೆಳಗಿದೆ. ಈ ಬೇಸಿಗೆಯಲ್ಲಿ ಬೆವರಿ ನೆನೆದು ಏಳುತ್ತೇನೆ, ಆದರೂ ಅದನ್ನು ಹಾಕಿಲ್ಲ. ಅಮಾವಾಸ್ಯೆ ಹತ್ತಿರ ಬಂತು. ಅವರು ಮೂಡಲ ಗೋಡೆಗೆ ಕಿಟಕಿ ಕೊರೆಯಲಿ, ಮಾಡು ಕಿತ್ತು ಬಿಸಿಲು ಬಿಡಲಿ. ಅಜ್ಜಿಯ ಹರಿದ ಸೀರೆ ನನ್ನ ಹತ್ತಿರ ಇದೆ. ನನ್ನ ರಟ್ಟೆ ಹಿಡಿದು ಎಳೆಯಲು ಈ ಸಲ ಇಬ್ಬರು ಸಾಲುವುದಿಲ್ಲ.